ಬಬಲೇಶ್ವರದ ಬಿಸಿಲು, ಕೋಕೋ ಬೆಣ್ಣೆ

ಏಪ್ರಿಲ್ ಬಂತೆಂದರೆ ಬಬಲೇಶ್ವರದ ಕಿರಾಣಿ ಅಂಗಡಿಯಲ್ಲಿ ಕೆಲವು ಚಾಕೊಲೇಟು ಫ್ರಿಜ್ಜಿಗೆ ಸೇರುತ್ತವೆ, ಕೆಲವು ಡಬ್ಬಿಯಲ್ಲೇ ಉಳಿಯುತ್ತವೆ. "ಇವು ಬಿಸಲಿಗಿ ತಡಿಯಂಗಿಲ್ರಿ ಅಕ್ಕಾರ, ಅವಕ್ಕ ಏನೂ ಆಗಂಗಿಲ್ಲ" ಎಂದರು ಅಂಗಡಿಯವರು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಮಾವನವರೂ ಶಾಲೆಗೆ ಹೋಗುವ ಮಕ್ಕಳೂ ಇದ್ದಾರೆ. ಹಾಗಾಗಿ ಎರಡೂ ಪೊಟ್ಟಣಗಳ ಹಿಂಬದಿ ಓದಿದೆ.

ಫ್ರಿಜ್ಜಿನಲ್ಲಿದ್ದದ್ದರಲ್ಲಿ ಕೋಕೋ ಬೆಣ್ಣೆ ಇತ್ತು. ಅದು ಸುಮಾರು 34 ಡಿಗ್ರಿಗೇ ಕರಗುತ್ತದೆ, ಬಾಯಲ್ಲಿಟ್ಟೊಡನೆ ನೀರಾಗುವುದೂ ಅದಕ್ಕೇ. ನಮ್ಮ ಬೇಸಿಗೆ 40 ದಾಟುತ್ತದೆ. ಡಬ್ಬಿಯಲ್ಲಿ ಗಟ್ಟಿಯಾಗಿ ಕುಳಿತದ್ದರ ಮೇಲೆ ಮೊದಲ ಹೆಸರು ಸಕ್ಕರೆ, ಎರಡನೆಯದು ಬಿಸಿಲಿಗೆ ಬೇಗ ಕರಗದ ಸಸ್ಯಜನ್ಯ ಕೊಬ್ಬು, ಕೋಕೋ ಪುಡಿ ಅದಕ್ಕೂ ಕೆಳಗೆ. ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಕೊನೆಗೆ ಎಂಬುದು ಪದಾರ್ಥಗಳ ಪಟ್ಟಿಯ ನಿಯಮ.

ಇದನ್ನು ತಿಳಿದ ಮೇಲೆ "ಚಾಕೊಲೇಟ್ ಹೃದಯಕ್ಕೆ ಒಳ್ಳೆಯದು" ಎಂಬ ಸುದ್ದಿಯನ್ನು ಓದುವ ರೀತಿಯೇ ಬದಲಾಗುತ್ತದೆ. ಅಮೆರಿಕದ 21,442 ಹಿರಿಯರ ಮೇಲೆ ನಡೆದ 'ಕಾಸ್ಮಾಸ್' ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂತು. ಅಲ್ಲಿ ಕೊಟ್ಟದ್ದು ಚಾಕೊಲೇಟನ್ನಲ್ಲ, ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಎಂಬ ಅಂಶ ಇರುವ ಕೋಕೋ ಸಾರದ ಗುಳಿಗೆಯನ್ನು. ಹೃದಯ ಮತ್ತು ರಕ್ತನಾಳದ ಒಟ್ಟು ತೊಂದರೆಗಳು ಗಣನೀಯವಾಗಿ ಇಳಿಯಲಿಲ್ಲ. ಆ ಕಾಯಿಲೆಗಳಿಂದಾಗುವ ಸಾವು ಶೇ. 27ರಷ್ಟು ಕಡಿಮೆ ಕಂಡಿತು, ಆದರೆ ಅದು ಅಧ್ಯಯನದ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಆಸೆ ಹುಟ್ಟಿಸುವ ಸಂಗತಿ ನಿಜ, ಡಬ್ಬಿಯ ಮಿಠಾಯಿಗೆ ಮಾತ್ರ ಸಲ್ಲುವುದಿಲ್ಲ.

  

ಮನೆಯಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಲೆಕ್ಕ. ಹಾಲಿನ ಚಾಕೊಲೇಟಿನಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆಯೇ. 40 ಗ್ರಾಂ ಚಾಕೊಲೇಟು ತಿಂದರೆ ಸುಮಾರು 20 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೂ ಇಡೀ ದಿನಕ್ಕೆ 25 ಗ್ರಾಂನೊಳಗಿದ್ದರೆ ಹೆಚ್ಚು ಒಳ್ಳೆಯದು. ಮಾವನವರ ಪಾಲಿಗೆ ಈಗ ಸಕ್ಕರೆ ಕಡಿಮೆಯಿರುವ ಕಹಿ ಚಾಕೊಲೇಟಿನ ಒಂದೇ ತುಣುಕು, ಅದೂ ವೈದ್ಯರನ್ನು ಕೇಳಿದ ಮೇಲೆ. ಬದಲಿಗೆ ಮಣೂಕ, ಅಂದರೆ ಒಣದ್ರಾಕ್ಷಿ ತಿನ್ನಲಿ ಎಂದು ಬಂಧುಗಳು ಹೇಳುತ್ತಾರೆ. ನಮ್ಮ ಕಡೆಯ ತಿಕೋಟಾದ ಶೆಡ್ಡುಗಳಲ್ಲಿ ಒಣಗಿ ಬರುವ ಮಣೂಕದಲ್ಲಿ ನಾರಿದೆ, ಪೊಟ್ಯಾಸಿಯಂ ಇದೆ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೂ ಇದೆ, ಹಲ್ಲಿಗೂ ಅಂಟುತ್ತದೆ. ಅದನ್ನೂ ಅಳತೆಯಲ್ಲೇ ಕೊಡಬೇಕು.

ನಮ್ಮ ಕಡೆ ಮುಧೋಳ ನಾಯಿ ಸಾಕುವವರು ಇದ್ದಾರೆ, ಅವರಿಗೊಂದು ಮಾತು. ಮಕ್ಕಳು ಪ್ರೀತಿಯಿಂದ ಚಾಕೊಲೇಟು ಮುರಿದು ನಾಯಿಗೂ ಹಾಕುತ್ತಾರೆ. ಕೋಕೋದಲ್ಲಿರುವ ಥಿಯೋಬ್ರೋಮಿನ್ ನಾಯಿಯ ದೇಹದಿಂದ ಬೇಗ ಹೊರಹೋಗುವುದಿಲ್ಲ, ವಿಷವಾಗುತ್ತದೆ. ಕಹಿ ಚಾಕೊಲೇಟಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚು. ನಾಯಿ ತಿಂದಿದ್ದು ಗೊತ್ತಾದರೆ ವಾಂತಿ, ನಡುಕ ಶುರುವಾಗುವವರೆಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.