ವಿದ್ಯಾಕಾಯಕದ ಅಧಿಕಾರಿ ಹೊರೇಸ್ ಮಾನ್

ಅಧಿಕಾರದ ಹಿರಿಮೆಯನ್ನು ಲೋಕವು ಆಜ್ಞೆಯ ಬಲದಿಂದ ಅಳೆಯುತ್ತದೆ. ಆಜ್ಞೆಯ ಬಲವೇ ಇಲ್ಲದ ಹುದ್ದೆಯಲ್ಲಿ ಹನ್ನೊಂದು ವರ್ಷ ದುಡಿದು, ತಮ್ಮ ನಾಡಿನ ಶಾಲೆಗಳ ಸ್ವರೂಪವನ್ನೇ ಬದಲಿಸಿದವರು ಅಮೆರಿಕೆಯ ಹೊರೇಸ್ ಮಾನ್.

ಅವರು 1796ರ ಮೇ 4ರಂದು ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಂಕ್ಲಿನ್ ಎಂಬ ಊರಿನ ಬಡ ಒಕ್ಕಲು ಮನೆತನದಲ್ಲಿ ಜನಿಸಿದರು. ಹದಿಮೂರರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಬಾಲ್ಯದಲ್ಲಿ ವರ್ಷಕ್ಕೆ ಎಂಟು ಹತ್ತು ವಾರಗಳಿಗಿಂತ ಹೆಚ್ಚಿನ ಶಾಲೆ ಅವರಿಗೆ ದೊರೆಯಲಿಲ್ಲ. ಆದರೆ ಊರಿನಲ್ಲೊಂದು ಪುಸ್ತಕಭಂಡಾರವಿತ್ತು. ತಮ್ಮ ಹೆಸರನ್ನಿಟ್ಟುಕೊಂಡ ಆ ಊರಿನವರು ಪ್ರಾರ್ಥನಾಮಂದಿರಕ್ಕೆ ಗಂಟೆಯೊಂದನ್ನು ಬೇಡಿದಾಗ, ಬೆಂಜಮಿನ್ ಫ್ರಾಂಕ್ಲಿನ್ ಅವರು ಗಂಟೆಗೆ ಬದಲಾಗಿ ಗ್ರಂಥಗಳನ್ನು ದಾನಮಾಡಿದ್ದರು. ಆ ಗ್ರಂಥಗಳೇ ಬಾಲಕನಿಗೆ ಗುರುಗಳಾದುವು.

1819ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಪದವೀಧರರಾದ ಮಾನ್, ನ್ಯಾಯಶಾಸ್ತ್ರವನ್ನು ಅಭ್ಯಸಿಸಿ ವಕೀಲರಾದರು. 1827ರಲ್ಲಿ ಶಾಸನಸಭೆಯನ್ನು ಪ್ರವೇಶಿಸಿ, ಮುಂದೆ ರಾಜ್ಯದ ಸೆನೆಟ್ಟಿನ ಅಧ್ಯಕ್ಷರೂ ಆದರು. 1837ರಲ್ಲಿ ರಾಜ್ಯ ಶಿಕ್ಷಣ ಮಂಡಲಿಯು ಸ್ಥಾಪನೆಯಾದಾಗ, ವಕೀಲಿ ವೃತ್ತಿಯನ್ನೂ ರಾಜಕೀಯದ ಭರವಸೆಯನ್ನೂ ಬದಿಗಿಟ್ಟು ಅದರ ಪ್ರಥಮ ಕಾರ್ಯದರ್ಶಿಗಳಾದರು.

ಆ ಮಂಡಲಿಗೆ ಯಾವ ಶಾಲೆಯನ್ನೂ ನಿರ್ಬಂಧಿಸುವ ಹಕ್ಕಿರಲಿಲ್ಲ. ಸ್ಥಿತಿಗತಿಗಳನ್ನು ಸಂಗ್ರಹಿಸಿ ವರದಿ ಮಾಡುವುದಷ್ಟೇ ಅದರ ಕರ್ತವ್ಯ. ಮಾನ್ ಅವರು ಆ ವರದಿಯನ್ನೇ ಆಯುಧವಾಗಿಸಿಕೊಂಡರು. ಊರೂರು ಸಂಚರಿಸಿ ಶಾಲೆಗಳನ್ನು ಕಣ್ಣಾರೆ ಕಂಡರು. ಬೆಳಕಿಲ್ಲದ ಕೊಠಡಿ, ಒರಗಲು ಆಸರೆಯಿಲ್ಲದ ಪೀಠ, ತರಬೇತಿಯಿಲ್ಲದ ಉಪಾಧ್ಯಾಯ ಇವೆಲ್ಲವನ್ನೂ ಜನತೆಯ ಮುಂದಿಟ್ಟರು. ಅವರ ಹನ್ನೆರಡು ವಾರ್ಷಿಕ ವರದಿಗಳು ಶಿಕ್ಷಣದ ಇತಿಹಾಸದಲ್ಲಿ ಸ್ಥಿರವಾದ ಸ್ಥಾನವನ್ನು ಪಡೆದಿವೆ.

ಉಪಾಧ್ಯಾಯನು ಸಿದ್ಧನಾಗದೆ ಶಾಲೆ ಸಿದ್ಧವಾಗದೆಂಬುದು ಅವರ ದೃಢವಾದ ನಂಬಿಕೆ. 1838ರಲ್ಲಿ ವ್ಯಾಪಾರಿ ಎಡ್ಮಂಡ್ ಡ್ವೈಟ್ ಅವರು, ಸರ್ಕಾರವೂ ಅಷ್ಟೇ ಹಣವನ್ನು ಕೊಡಬೇಕೆಂಬ ನಿಬಂಧನೆಯೊಡನೆ 10,000 ಡಾಲರುಗಳನ್ನು ನೀಡಿದರು. ಸರ್ಕಾರವು ಒಪ್ಪಿತು. 1839ರ ಜುಲೈ 3ರಂದು ಲೆಕ್ಸಿಂಗ್ಟನ್ನಿನಲ್ಲಿ ಅಧ್ಯಾಪಕರ ತರಬೇತಿ ಶಾಲೆ ಆರಂಭವಾದಾಗ ಬಂದವರು ಮೂವರೇ ವಿದ್ಯಾರ್ಥಿನಿಯರು. ಸಂಖ್ಯೆಯನ್ನು ಕಂಡು ಯಾರೂ ಕೈಬಿಡಲಿಲ್ಲ.

ವಿರೋಧವೇನೂ ಕಡಿಮೆಯಿರಲಿಲ್ಲ. 1840ರಲ್ಲಿ ಮಂಡಲಿಯನ್ನೇ ರದ್ದುಗೊಳಿಸುವ ಯತ್ನ ಶಾಸನಸಭೆಯಲ್ಲಿ ನಡೆದು ವಿಫಲವಾಯಿತು. ಯೂರೋಪಿನ ಶಾಲೆಗಳನ್ನು ನೋಡಿಬಂದು, ಬೆತ್ತದ ಭಯವಿಲ್ಲದೆಯೂ ಕಲಿಸಬಹುದೆಂದು ಅವರು ಬರೆದಾಗ, 1844ರಲ್ಲಿ ಬಾಸ್ಟನ್ನಿನ 31 ಮಂದಿ ಉಪಾಧ್ಯಾಯರು ಬಹಿರಂಗವಾಗಿ ಖಂಡಿಸಿದರು. ಮಾನ್ ಅವರು ಲೇಖನಿಯಿಂದಲೇ ಉತ್ತರವಿತ್ತರು.

1848ರಲ್ಲಿ ರಾಷ್ಟ್ರೀಯ ಪ್ರತಿನಿಧಿ ಸಭೆಗೆ ಆಯ್ಕೆಯಾಗಿ ಗುಲಾಮಗಿರಿಯ ವಿಸ್ತರಣೆಯನ್ನು ಎದುರಿಸಿದರು. 1852ರ ಗವರ್ನರ್ ಚುನಾವಣೆಯಲ್ಲಿ ಸೋತರು. ಅನಂತರ ಒಹಾಯೋ ರಾಜ್ಯದಲ್ಲಿ, ಸ್ತ್ರೀಪುರುಷರಿಗೆ ಸಮಾನವಾಗಿ ಬಾಗಿಲು ತೆರೆದ ಆಂಟಿಯಾಕ್ ಕಾಲೇಜಿನ ಅಧ್ಯಕ್ಷರಾಗಿ, 1859ರ ಆಗಸ್ಟ್ 2ರಂದು ನಿಧನರಾದರು. ಅದಕ್ಕೆ ಕೆಲವೇ ವಾರಗಳ ಹಿಂದೆ, ಮಾನವಕುಲಕ್ಕಾಗಿ ಏನನ್ನಾದರೂ ಗೆಲ್ಲದೆ ಸಾಯಲು ನಾಚಬೇಕೆಂಬ ಅರ್ಥದ ಮಾತನ್ನು ಅವರು ಪದವೀಧರರಿಗೆ ಹೇಳಿದ್ದರು.

ದಾನಿಯ ಧನ, ಸರ್ಕಾರದ ಬೆಂಬಲ, ಗುರುವಿನ ಸಿದ್ಧತೆ ಈ ಮೂರೂ ಕೂಡಿದಲ್ಲಿ ಮಾತ್ರ ಅಕ್ಷರದಾಸೋಹವು ಪೂರ್ಣವಾಗುತ್ತದೆ. ಅವನ್ನು ಕೂಡಿಸುವವನಿಗೆ ಬೇಕಾದುದು ಪದವಿಯ ದರ್ಪವಲ್ಲ, ಕಾಯಕದ ನಿಷ್ಠೆ. ಹೊರೇಸ್ ಮಾನ್ ಅವರ ಜೀವನವು ಅದಕ್ಕೆ ಸಾಕ್ಷಿ.