ಹೊಲದಿಂದ ಕಾರ್ಖಾನೆಗೆ : ಭೂಸ್ವಾಧೀನದ ಕಾನೂನು ಮತ್ತು ವಸಾಹತು ಪರಂಪರೆ

ಪೀಠಿಕೆ

ಬೆಂಗಳೂರು ನಗರದ ವಾಯವ್ಯಕ್ಕೆ ಪೀಣ್ಯ, ಪೂರ್ವಕ್ಕೆ ವೈಟ್‌ಫೀಲ್ಡ್, ಆಗ್ನೇಯಕ್ಕೆ ಎಲೆಕ್ಟ್ರಾನಿಕ್ ಸಿಟಿ. ಯಂತ್ರೋದ್ಯಮಕ್ಕೂ ಮಾಹಿತಿ ತಂತ್ರಜ್ಞಾನಕ್ಕೂ ಈ ಹೆಸರುಗಳು ಇಂದು ಪರ್ಯಾಯ ಪದಗಳೆಂಬಷ್ಟು ಪ್ರಸಿದ್ಧವಾಗಿವೆ. ಆದರೆ ಒಂದೆರಡು ತಲೆಮಾರುಗಳ ಹಿಂದೆ ಇವು ರಾಗಿ, ಅವರೆ, ಹುರುಳಿಗಳನ್ನು ಬೆಳೆಯುತ್ತಿದ್ದ ಹೊಲಗಳು. ಕೆರೆ, ಗುಂಡುತೋಪು, ಗೋಮಾಳಗಳಿಂದ ಕೂಡಿದ ಹಳ್ಳಿಗಳು. ಎಲೆಕ್ಟ್ರಾನಿಕ್ ಸಿಟಿಯನ್ನೇ ನೋಡಿದರೆ, 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಅದಕ್ಕೆ ಅಡಿಗಲ್ಲಿಟ್ಟುದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ.

ಹೊಲವು ಕಾರ್ಖಾನೆಯಾಗಿ ಮಾರ್ಪಡುವುದು ಬಂಡವಾಳದಿಂದ ಮಾತ್ರವಲ್ಲ. ಅದಕ್ಕೆ ಮೊದಲು ಒಂದು ಕಾನೂನು ಬೇಕು. ರೈತನು ಮಾರಲು ಒಪ್ಪದಿದ್ದರೂ ಅವನ ಭೂಮಿಯನ್ನು ಸರ್ಕಾರವು ಪಡೆಯಬಹುದೆಂದು ಹೇಳುವ ಕಾನೂನು ಅದು. ಆ ಕಾನೂನು ಎಲ್ಲಿಂದ ಬಂದಿತು, ಸ್ವಾತಂತ್ರ್ಯಾನಂತರವೂ ಹೇಗೆ ಉಳಿಯಿತು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಮೈಸೂರು ಸೀಮೆಗೆ ಬಂದ ನ್ಯಾಯಪದ್ಧತಿ

1831ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1834ರಿಂದ 1861ರವರೆಗೆ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಹುಜೂರ್ ಅದಾಲತ್ ಏರ್ಪಟ್ಟಿತು. 1856ರಲ್ಲಿ ನ್ಯಾಯಾಡಳಿತಕ್ಕೆಂದೇ ಜುಡಿಷಿಯಲ್ ಕಮೀಷನರನ ಹುದ್ದೆ ಬಂದಿತು. ಕಬ್ಬನ್ ಉದ್ಯಾನದ ಅಂಚಿನಲ್ಲಿ ಕೆಂಪು ಬಣ್ಣದಿಂದ ಕಂಗೊಳಿಸುವ ಅಠಾರಾ ಕಚೇರಿಯು 1868ರಲ್ಲಿ ಪೂರ್ಣಗೊಂಡಿತು. ಹದಿನೆಂಟು ಇಲಾಖೆಗಳ ಕಚೇರಿಯಾಗಿದ್ದ ಆ ಕಟ್ಟಡವೇ ಇಂದಿನ ಕರ್ನಾಟಕ ಉಚ್ಚ ನ್ಯಾಯಾಲಯ.

1881ರಲ್ಲಿ ಸಂಸ್ಥಾನವು ಮರಳಿ ಒಡೆಯರ ವಶವಾಯಿತು. ಆದರೆ ಅದರೊಂದಿಗೆ ಒಂದು ಕಟ್ಟುಪಾಡೂ ಬಂದಿತು. ಆಗ ಜಾರಿಯಲ್ಲಿದ್ದ ಕಾನೂನುಗಳನ್ನು ಮುಂದುವರಿಸತಕ್ಕದ್ದು, ಗವರ್ನರ್ ಜನರಲನ ಸಮ್ಮತಿಯಿಲ್ಲದೆ ಅವನ್ನು ರದ್ದುಮಾಡಕೂಡದು ಎಂದು ಹಸ್ತಾಂತರ ಪತ್ರದಲ್ಲಿಯೇ ವಿಧಿಸಲಾಗಿತ್ತು. ರಾಜ್ಯವು ಹಿಂತಿರುಗಿತು, ಕಾನೂನು ಹಿಂತಿರುಗಲಿಲ್ಲ. 1884ರಲ್ಲಿ ಮೈಸೂರಿನ ಚೀಫ್ ಕೋರ್ಟು ಸ್ಥಾಪಿತವಾಗಿ, 1930ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆಯಿತು. ಬೆಂಗಳೂರಿನ ದಂಡು ಪ್ರದೇಶವಂತೂ 1947ರವರೆಗೆ ಬ್ರಿಟಿಷರ ಆಡಳಿತದಲ್ಲಿಯೇ ಇದ್ದು, ಒಂದೇ ಊರಿನ ಎರಡು ಭಾಗಗಳು ಎರಡು ಸರ್ಕಾರಗಳಿಗೆ ಸೇರಿದ್ದವು.

ವೈಟ್‌ಫೀಲ್ಡಿನ ಹುಟ್ಟೂ ಈ ಕಾಲದ್ದೇ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೃಷಿ ವಸಾಹತುಗಳನ್ನು ಕಟ್ಟಿಕೊಳ್ಳಲೆಂದು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಸಂಘದ ಮುಖಂಡನಾಗಿದ್ದ ವೈಟ್ ಎಂಬುವನ ಹೆಸರೇ ಊರಿಗೆ ನಿಂತಿತು. ವ್ಯವಸಾಯಕ್ಕೆಂದು ಬಿಟ್ಟುಕೊಟ್ಟ ನೆಲದ ಸುತ್ತಲೇ ಒಂದು ಶತಮಾನದ ಅನಂತರ ತಂತ್ರಾಂಶದ ಸೌಧಗಳು ಎದ್ದುದು ಕಾಲದ ವೈಚಿತ್ರ್ಯವೆನ್ನಬೇಕು.

1894ರ ಕಾಯಿದೆ

ಭಾರತದಲ್ಲಿ ಖಾಸಗಿ ಭೂಮಿಯನ್ನು ಸರ್ಕಾರವು ಕಡ್ಡಾಯವಾಗಿ ಪಡೆಯುವ ಪದ್ಧತಿಯು 1824ರ ಬಂಗಾಳದ ರೆಗ್ಯುಲೇಷನ್ನಿನಿಂದ ಆರಂಭವಾಗಿ, 1857 ಮತ್ತು 1870ರ ಕಾಯಿದೆಗಳ ಮೂಲಕ ಬೆಳೆದು, 1894ರ ಭೂಸ್ವಾಧೀನ ಕಾಯಿದೆಯಲ್ಲಿ ಪೂರ್ಣರೂಪ ಪಡೆಯಿತು. ರೈಲುಮಾರ್ಗ, ಕಾಲುವೆ, ರಸ್ತೆಗಳಿಗೆ ಆ ಕಾಲದ ಸರ್ಕಾರಕ್ಕೆ ನೆಲ ಬೇಕಾಗಿತ್ತು; ಅದು ಬೇಗನೆ, ಅಗ್ಗವಾಗಿ ಬೇಕಾಗಿತ್ತು. ಸಾರ್ವಜನಿಕ ಉದ್ದೇಶಗಳಿಗೆ ಮಾತ್ರವಲ್ಲದೆ ಕಂಪನಿಗಳಿಗಾಗಿಯೂ ಭೂಮಿ ಪಡೆಯುವ ಅವಕಾಶವನ್ನು ಆ ಕಾಯಿದೆ ಕಲ್ಪಿಸಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಆದ ಭೂಸ್ವಾಧೀನ ಕಾಯಿದೆಯನ್ನು ಜಾರಿಗೆ ತಂದಿತು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯ, 1961ರ ಕಾಯಿದೆಯೊಂದರ ಮೂಲಕ, 1894ರ ಕೇಂದ್ರ ಕಾಯಿದೆಯೇ ಇಡೀ ರಾಜ್ಯಕ್ಕೆ ಅನ್ವಯವಾಯಿತು.

ಈ ಕಾಯಿದೆಯ ಒಳರಚನೆಯನ್ನು ಗಮನವಿಟ್ಟು ನೋಡಬೇಕು. ಮೊದಲು ರಾಜ್ಯಪತ್ರದಲ್ಲಿ ಪ್ರಾಥಮಿಕ ಅಧಿಸೂಚನೆ. ಬಳಿಕ ಅಂತಿಮ ಘೋಷಣೆ. ಬಳಿಕ ಪರಿಹಾರದ ನಿರ್ಣಯ, ಅಂದರೆ ಐತೀರ್ಪು. ಕೊನೆಗೆ ಭೂಮಿಯ ವಶ. ಮೂಲ ಕಾಯಿದೆಯಲ್ಲಿ ರೈತನ ಆಕ್ಷೇಪಣೆಯನ್ನು ಆಲಿಸುವ ಏರ್ಪಾಡೇ ಇರಲಿಲ್ಲ; ಅದು ಸೇರಿದ್ದು 1923ರ ತಿದ್ದುಪಡಿಯಿಂದ. ಮಾರುಕಟ್ಟೆಯ ಬೆಲೆಯ ಮೇಲೆ, ಇಷ್ಟವಿಲ್ಲದೆ ಕೊಡಬೇಕಾಗಿ ಬಂದ ಕಾರಣಕ್ಕೆ, ನೂರಕ್ಕೆ 15ರಂತೆ ಸಾಂತ್ವನಧನ ಸೇರುತ್ತಿತ್ತು. 1984ರಲ್ಲಿ ಅದು ನೂರಕ್ಕೆ 30 ಆಯಿತು.

ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಈ ಭೂಮಿ ಸಾರ್ವಜನಿಕ ಉದ್ದೇಶಕ್ಕೆ ಬೇಕೆಂದು ಸರ್ಕಾರವು ಘೋಷಿಸಿದರೆ ಆ ಘೋಷಣೆಯೇ ನಿರ್ಣಾಯಕ ಸಾಕ್ಷ್ಯವೆಂದು ಕಾಯಿದೆ ಸಾರಿತು. ಆದ್ದರಿಂದ ನ್ಯಾಯಾಲಯಕ್ಕೆ ಹೋದ ರೈತನ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿ ಉಳಿಯಿತು: ಬೆಲೆ ಎಷ್ಟು? 'ಏಕೆ ಬೇಕು' ಎಂಬ ಪ್ರಶ್ನೆಯನ್ನು ಕೇಳುವ ಬಾಗಿಲು ಬಲು ಕಿರಿದಾಯಿತು. ವಸಾಹತು ಆಳ್ವಿಕೆಯು ನಮ್ಮ ನ್ಯಾಯಪದ್ಧತಿಗೆ ಬಿಟ್ಟುಹೋದ ನಿಜವಾದ ಬಳುವಳಿ ಕರಿಯ ನಿಲುವಂಗಿಯಲ್ಲ, ಕೆಂಪು ಕಟ್ಟಡವಲ್ಲ. ಸಾರ್ವಜನಿಕ ಹಿತವಾವುದೆಂಬುದನ್ನು ಆಳುವವರೇ ಹೇಳಬೇಕು, ಆಳಿಸಿಕೊಳ್ಳುವವರು ಪರಿಹಾರವನ್ನು ಮಾತ್ರ ಕೇಳಬೇಕು ಎಂಬ ಈ ಮನೋಧರ್ಮ.

1966ರ ಕಾಯಿದೆ ಮತ್ತು ಕೈಗಾರಿಕಾ ವಲಯಗಳು

ಸ್ವತಂತ್ರ ಭಾರತಕ್ಕೆ ಕೈಗಾರಿಕೆ ಬೇಕಾಗಿತ್ತು. ಆ ಅವಶ್ಯಕತೆಯನ್ನು ಯಾರೂ ಅಲ್ಲಗಳೆಯಲಾರರು. ಇದಕ್ಕಾಗಿ ಮೈಸೂರು ರಾಜ್ಯವು 1966ರಲ್ಲಿ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯಿದೆಯನ್ನು ರಚಿಸಿ, ಒಂದು ಮಂಡಳಿಯನ್ನು ಸ್ಥಾಪಿಸಿತು. ಪೀಣ್ಯವೂ ಸೇರಿದಂತೆ ರಾಜ್ಯದ ಅನೇಕ ಕೈಗಾರಿಕಾ ಪ್ರದೇಶಗಳು ಈ ಮಂಡಳಿಯ ಮೂಲಕ ರೂಪುಗೊಂಡವು.

ಈ ಕಾಯಿದೆಯು ನಮ್ಮವರೇ, ನಮ್ಮ ಶಾಸನಸಭೆಯಲ್ಲಿಯೇ ರಚಿಸಿದುದು. ಆದರೂ ಐತೀರ್ಪು, ನ್ಯಾಯಾಲಯಕ್ಕೆ ಪ್ರಕರಣವನ್ನು ಒಪ್ಪಿಸುವುದು, ಪರಿಹಾರದ ಹಂಚಿಕೆ ಮತ್ತು ಪಾವತಿ ಇವುಗಳಿಗೆ 1894ರ ಕಾಯಿದೆಯ ವಿಧಿಗಳೇ ಅನ್ವಯಿಸತಕ್ಕದ್ದೆಂದು ಇದರ 30ನೆಯ ಕಲಂ ಹೇಳಿತು. ಇನ್ನೊಂದು ಅಂಶದಲ್ಲಿ ಇದು ಬ್ರಿಟಿಷರ ಕಾನೂನನ್ನೂ ಮೀರಿಸಿತು. 1894ರ ಕಾಯಿದೆಯಲ್ಲಿ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಐತೀರ್ಪಾಗಿ ವಶ ಪಡೆದ ಮೇಲಷ್ಟೇ ಭೂಮಿಯು ಸರ್ಕಾರದ್ದಾಗುತ್ತಿತ್ತು. 1966ರ ಕಾಯಿದೆಯ 28ನೆಯ ಕಲಮಿನಂತೆ ಅಂತಿಮ ಘೋಷಣೆಯು ರಾಜ್ಯಪತ್ರದಲ್ಲಿ ಪ್ರಕಟವಾದೊಡನೆಯೇ ಭೂಮಿಯು ಸಂಪೂರ್ಣವಾಗಿ ಸರ್ಕಾರದ್ದಾಗುತ್ತದೆ. ಬೆಲೆಯ ಮಾತು ಆಮೇಲೆ. ಪರಕೀಯರ ಕತ್ತಿಯನ್ನು ಒರೆಯಲ್ಲಿಡುವ ಬದಲು ನಾವು ಅದನ್ನು ಸಾಣೆ ಹಿಡಿದೆವೆಂದರೆ ತಪ್ಪಾಗಲಾರದು. 1978ರ 44ನೆಯ ಸಂವಿಧಾನ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದು, 300-ಎ ಅನುಚ್ಛೇದದ ಸಾಂವಿಧಾನಿಕ ಹಕ್ಕಾಗಿ ಉಳಿಯಿತು.

ಪಹಣಿಯಲ್ಲಿ ಹೆಸರಿದ್ದವನಿಗೆ ಪರಿಹಾರವಾದರೂ ಉಂಟು. ಅವನ ಹೊಲದಲ್ಲಿ ಕಳೆ ಕಿತ್ತು, ಕೊಯ್ಲು ಮಾಡಿ ಬದುಕುತ್ತಿದ್ದ ಕೂಲಿಯವನು, ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದವನು, ತೋಪಿನ ಸೌದೆಯನ್ನು ನೆಚ್ಚಿದ್ದ ಮುದುಕಿ, ಇವರು ಹಳೆಯ ಕಾಯಿದೆಯ ಕಣ್ಣಿಗೆ ಬೀಳಲೇ ಇಲ್ಲ. ಕಾನೂನು ಕಂಡದ್ದು ಸರ್ವೆ ನಂಬರನ್ನು, ಊರನ್ನಲ್ಲ.

ವಿಳಂಬವೆಂಬ ಅನ್ಯಾಯ

ಒಂದು ದೃಷ್ಟಾಂತವು ಈ ವಿಷಯವನ್ನು ಸ್ಪಷ್ಟಪಡಿಸುತ್ತದೆ. ಬೆಂಗಳೂರು-ಮೈಸೂರು ಮೂಲಸೌಕರ್ಯ ಯೋಜನೆಗಾಗಿ ಬೆಂಗಳೂರು ದಕ್ಷಿಣದ ಗೊಟ್ಟಿಗೆರೆಯಲ್ಲಿ 1966ರ ಕಾಯಿದೆಯಡಿ ಭೂಸ್ವಾಧೀನ ನಡೆಯಿತು. ಪ್ರಾಥಮಿಕ ಅಧಿಸೂಚನೆ 2003ರಲ್ಲಿ. ಭೂಮಿಯ ವಶ 2005ರಲ್ಲಿ. ಐತೀರ್ಪು ಮಾತ್ರ 2019ರಲ್ಲಿ. ನೆಲ ಹೋಗಿ ಹದಿಮೂರು ವರ್ಷ ಮಿಕ್ಕಿದರೂ ಬೆಲೆ ನಿಶ್ಚಯವಾಗಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ! ಕೊನೆಗೆ 2025ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ವಿಶೇಷಾಧಿಕಾರವನ್ನು ಬಳಸಿ, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಂತೆ ಪರಿಹಾರ ನಿರ್ಣಯಿಸಬೇಕೆಂದು ಆದೇಶಿಸಿತು. ಆಸ್ತಿಯ ಹಕ್ಕು ಮೂಲಭೂತ ಹಕ್ಕಲ್ಲವಾದರೂ ಸಾಂವಿಧಾನಿಕ ಹಕ್ಕೆಂಬುದನ್ನು ಆ ತೀರ್ಪು ಒತ್ತಿ ಹೇಳಿತು.

ಇಲ್ಲಿ ಇನ್ನೊಂದು ಸತ್ಯವೂ ಅಡಗಿದೆ. ರೈತರಿಗೆ ನ್ಯಾಯ ದೊರೆತುದು ಬ್ರಿಟಿಷರ ಕಾಲದಿಂದ ಬೆಳೆದುಬಂದ ನ್ಯಾಯಾಲಯ ವ್ಯವಸ್ಥೆಯಿಂದಲೇ. ಪ್ರಜೆಯು ಸರ್ಕಾರವನ್ನೇ ಪ್ರತಿವಾದಿಯನ್ನಾಗಿ ನಿಲ್ಲಿಸಬಹುದೆಂಬುದು, ಲಿಖಿತ ಕಾನೂನಿನ ಮುಂದೆ ಎಲ್ಲ ಜಾತಿಯವರೂ ಸಮಾನರೆಂಬುದು ಸಣ್ಣ ಲಾಭಗಳಲ್ಲ. ಹಳೆಯ ಊರ ಪಂಚಾಯಿತಿಗಳಲ್ಲಿ ಕೆಳಜಾತಿಯವರಿಗೂ ಸ್ತ್ರೀಯರಿಗೂ ಈ ಸಮಾನತೆ ಸುಲಭವಾಗಿ ದೊರೆಯುತ್ತಿರಲಿಲ್ಲ. ಆದುದರಿಂದ ಪರಂಪರೆಯನ್ನು ತೂಗಿ ನೋಡಬೇಕೇ ಹೊರತು ಸಾರಾಸಗಟಾಗಿ ಹಳಿಯುವುದು ಸಲ್ಲದು.

ಬದಲಾವಣೆಯ ಗಾಳಿ

1894ರ ಕಾಯಿದೆಯು 120 ವರ್ಷಗಳಷ್ಟು ಕಾಲ ಬಾಳಿ, 2014ರ ಜನವರಿ 1ರಂದು ಕೊನೆಗೊಂಡಿತು. ಅದರ ಸ್ಥಾನದಲ್ಲಿ ಬಂದ 2013ರ ಕಾಯಿದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನು ವಿಧಿಸಿತು. ಖಾಸಗಿ ಕಂಪನಿಗಳಿಗಾಗಿ ಸ್ವಾಧೀನ ಮಾಡುವುದಾದರೆ ಬಾಧಿತ ಕುಟುಂಬಗಳಲ್ಲಿ ನೂರಕ್ಕೆ 80ರಷ್ಟರ ಒಪ್ಪಿಗೆ ಬೇಕೆಂದಿತು. ಸಾಂತ್ವನಧನವನ್ನು ನೂರಕ್ಕೆ 100ಕ್ಕೆ ಏರಿಸಿತು. ಕೃಷಿಕಾರ್ಮಿಕರನ್ನೂ ಬಾಧಿತರೆಂದು ಗುರುತಿಸಿತು. ಆದರೆ ಸ್ವಾಧೀನವು ಐದು ವರ್ಷ ನೆನೆಗುದಿಗೆ ಬಿದ್ದರೆ ರದ್ದಾಗುವ ಅದರ 24ನೆಯ ಕಲಮಿನ ಪ್ರಯೋಜನವು 1966ರ ಕಾಯಿದೆಯಡಿಯ ಸ್ವಾಧೀನಗಳಿಗೆ ಅನ್ವಯಿಸದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ತಾಯಿ ಕಾಯಿದೆ ಅಳಿದರೂ ಅದರ ನೆರಳು ಅಳಿಯಲಿಲ್ಲ.

ಈ ಹಿನ್ನೆಲೆಯಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಘಟನೆಯು ಗಮನಾರ್ಹವಾದುದು. ಅಲ್ಲಿನ 13 ಗ್ರಾಮಗಳ 1,777 ಎಕರೆ ಭೂಮಿಯನ್ನು ವಿಮಾನೋದ್ಯಮಕ್ಕೆಂದು ಇದೇ ಕಾಯಿದೆಯಡಿ ಪಡೆಯಲು ಸರ್ಕಾರವು ಮುಂದಾದಾಗ ರೈತರು ಮೂರು ವರ್ಷಗಳಿಗೂ ಮಿಕ್ಕು ಧರಣಿ ನಡೆಸಿದರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಅಲ್ಲಿನ ರೈತರು ಕೇಳಿದ್ದು 'ಬೆಲೆ ಎಷ್ಟು' ಎಂದಲ್ಲ, 'ನಮ್ಮ ಭೂಮಿಯೇ ಏಕೆ' ಎಂದು. 1894ರ ಕಾಯಿದೆ ಕೇಳಗೊಡದ ಪ್ರಶ್ನೆ ಅದು.

ಭಾಷೆಯ ಪ್ರಶ್ನೆ

ತನ್ನ ಹೊಲದ ವ್ಯಾಜ್ಯ ತನಗೇ ಅರ್ಥವಾಗದಿರುವುದು ರೈತನ ಮತ್ತೊಂದು ಸಂಕಟ. ಸಂವಿಧಾನದ 348ನೆಯ ಅನುಚ್ಛೇದದಂತೆ ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ಭಾಷೆ ಇಂಗ್ಲಿಷ್. ತನ್ನ ಪರವಾದ ತೀರ್ಪನ್ನೂ ಕಕ್ಷಿದಾರನು ವಕೀಲರ ಬಾಯಿಂದಲೇ ಕೇಳಬೇಕು. ಈಗ ತೀರ್ಪುಗಳ ಕನ್ನಡ ಅನುವಾದಗಳು ಬರಲಾರಂಭಿಸಿವೆ; 2024ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಪೀಠವೊಂದು ಕನ್ನಡದಲ್ಲಿಯೂ ತೀರ್ಪಿತ್ತುದು ಶುಭಸೂಚನೆ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ತಮ್ಮ ನುಡಿಯಲ್ಲಿಯೇ ಅಹವಾಲು ಹೇಳಿಕೊಂಡು ರಾಜಿಯಾಗುವುದನ್ನು ನಾಡು ಬಲ್ಲದು. ಸರ್ಕಾರವೇ ಎದುರಾಳಿಯಾದಾಗ ಅಂತಹ ಪೀಠವು ನ್ಯಾಯಾಲಯದ ಸ್ಥಾನವನ್ನು ತುಂಬಲಾರದು. ಆದರೆ ನ್ಯಾಯವು ಕೇಳುವವನಿಗೆ ತಿಳಿಯುವ ಮಾತಿನಲ್ಲಿರಬೇಕೆಂಬ ಪಾಠವನ್ನು ಅದು ಕಲಿಸುತ್ತದೆ.

ಉಪಸಂಹಾರ

2024ರ ಜುಲೈ 1ರಿಂದ 1860ರ ದಂಡಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಿದೆ. ಹೆಸರುಗಳು ಬದಲಾಗುತ್ತಿವೆ. ಆದರೆ ಹೆಸರು ಬದಲಾದ ಮಾತ್ರಕ್ಕೆ ಮನೋಧರ್ಮ ಬದಲಾಗುವುದಿಲ್ಲವೆಂಬುದಕ್ಕೆ 1966ರ ಕಾಯಿದೆಯೇ ನಿದರ್ಶನ.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನಿರ್ವಹಿಸುತ್ತಲೇ, ಅಧಿಕಾರವು ಜನರ ಸೇವೆಗಾಗಿ ಇರುವುದೆಂಬ ಆದರ್ಶವನ್ನು ಬಾಳಿ ತೋರಿದರು. ಕಾಯಕವೇ ಕೈಲಾಸವೆಂದು ನಂಬಿದ ನಾಡಿನಲ್ಲಿ ಕಾರ್ಖಾನೆಯ ಕಾಯಕವೂ ಪೂಜ್ಯ, ಹೊಲದ ಕಾಯಕವೂ ಪೂಜ್ಯ. ಒಂದಕ್ಕಾಗಿ ಇನ್ನೊಂದನ್ನು ತೆರವು ಮಾಡಬೇಕಾಗಿ ಬಂದಾಗ ಮೊದಲು ಕೇಳಬೇಕು, ಬಳಿಕ ಕೊಡಬೇಕು, ಕೊನೆಗೆ ಪಡೆಯಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದುದೇ ವಸಾಹತು ಕಾನೂನು. ಅದನ್ನು ಮತ್ತೆ ನೇರವಾಗಿ ನಿಲ್ಲಿಸುವ ಹೊಣೆ, ನಾಳೆ ನ್ಯಾಯವಾದಿಗಳೂ ಅಧಿಕಾರಿಗಳೂ ಉದ್ಯಮಿಗಳೂ ಆಗಲಿರುವ ಇಂದಿನ ವಿದ್ಯಾರ್ಥಿಗಳದು.