ಉತ್ತರವನ್ನು ಕಡೆಯವರೆಗೆ ಕೇಳುವ ಬಾಟ್

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಹೆಬ್ಬಾಳದ ಸುತ್ತಣ ಕಚೇರಿಗಳಲ್ಲಿ ಕಂಪ್ಯೂಟರಿನ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡಿರುವರು; ಅವರಿಗೆ ಈ ಪಾಠದಲ್ಲಿ ಹೊಸತು ಹೆಚ್ಚಾಗಿ ಇರಲಾರದು. ಆದರೆ ಹೆಣ್ಣುಮಕ್ಕಳು ಕಂಪ್ಯೂಟರ್ ಕೊಠಡಿಯಲ್ಲಿ ಏನು ಕಲಿಯುತ್ತಿರುವರೆಂದು ಪ್ರತಿ ವರ್ಷವೂ ನಮ್ಮನ್ನು ಕೇಳುವ ತಾಯಿತಂದೆಗಳಿಗೋಸ್ಕರ, ಒಂಬತ್ತನೆಯ ತರಗತಿಗೆ ಹೇಳಿಕೊಡುವ ಒಂದು ಪಾಠವನ್ನು ಇಲ್ಲಿ ವಿವರಿಸಲು ಇಚ್ಛಿಸುವೆವು.

ಬಾಟ್ ಎಂಬುದು ಯಾವುದು? ಬೆಂಗಳೂರು ಮೆಟ್ರೋ ರೈಲು ನಿಗಮವು ವಾಟ್ಸ್‌ಆ್ಯಪಿನ ಮೂಲಕ ಟಿಕೆಟ್ ಕೊಡುವ ಏರ್ಪಾಡನ್ನು 2022ನೆಯ ಇಸವಿ ನವೆಂಬರ್ 1ರಂದು ಆರಂಭಿಸಿತು. ಯಶವಂತಪುರಕ್ಕೆ ಹೋಗಬೇಕಾದವರು ಫೋನಿನಲ್ಲಿ ಸಂದೇಶ ಕಳುಹಿಸಿದರೆ ಮರುಮಾತಾಡುವವರು ಗುಮಾಸ್ತರಲ್ಲ, ಒಂದು ಚಾಟ್‌ಬಾಟ್. ಇಂಥ ಬಾಟಿಗೆ ಸ್ವಂತ ತಿಳಿವಳಿಕೆಯಿಲ್ಲ. ಅದು ಸರ್ವರನ್ನು ಕೇಳಿ, ಬಂದ ಉತ್ತರವನ್ನು ಹಿಡಿದು, ಬಿಡಿಸಿ, ನಮಗೆ ತಿಳಿಯುವ ಮಾತಿನಲ್ಲಿ ಹೇಳುವುದಷ್ಟೆ. ಆದಕಾರಣ ಅದಕ್ಕೆ ಮಾತಾಡಲು ಕಲಿಸುವುದಕ್ಕಿಂತ ಕೇಳಲು ಕಲಿಸುವುದೇ ಕಠಿಣವಾದ ಭಾಗವಾಗಿದೆ.

ಇದನ್ನು ಕಲಿಸಲು ನಾವು ಆರಿಸಿಕೊಂಡದ್ದು ಐಆರ್‌ಸಿ ಎಂಬ ಹಳೆಯ ಹರಟೆಯ ಪದ್ಧತಿ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬವರು 1988ರಲ್ಲಿ ಇದನ್ನು ರಚಿಸಿದರು. ಇದರ ನಿಯಮಗಳು ಆರ್‌ಎಫ್‌ಸಿ 1459 ಎಂಬ ಹೆಸರಿನಲ್ಲಿ 1993ರಲ್ಲಿ ಪ್ರಕಟವಾದವು. ಇದರ ಉತ್ತರಗಳೆಲ್ಲ ಬರಿಯ ಅಕ್ಷರಗಳ ಸಾಲುಗಳಾಗಿ ಕಣ್ಣಿಗೆ ಕಾಣುವುದರಿಂದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕಲಿಕೆಯ ಹಲಗೆ ದೊರೆಯದು.

ಸರ್ವರಿನ ಉತ್ತರಕ್ಕೆ ಮೂರಂಕಿಯ ಒಂದು ಸಂಖ್ಯೆಯುಂಟು. 001 ಎಂದರೆ ಸ್ವಾಗತ. ಅದು ಬರುವ ತನಕ ಬಾಟ್ ಬೇರೆ ಪ್ರಶ್ನೆಯನ್ನು ಕೇಳತಕ್ಕದ್ದಲ್ಲ. 433 ಎಂದರೆ ಆ ಹೆಸರನ್ನು ಆಗಲೇ ಬೇರೊಬ್ಬರು ಇಟ್ಟುಕೊಂಡಿರುವರೆಂದರ್ಥ. ಸ್ಥೂಲವಾಗಿ 200ರಿಂದ 399ರವರೆಗಿನವು ಕೇಳಿದ್ದಕ್ಕೆ ಕೊಟ್ಟ ಉತ್ತರಗಳು. 400ರಿಂದ 599ರವರೆಗಿನವು ತಪ್ಪನ್ನು ತಿಳಿಸುವಂಥವು. ನಡುನಡುವೆ ಸರ್ವರು ಪಿಂಗ್ ಎಂದು ಕೂಗಿ ನೋಡುವುದು. ಜೊತೆಗೆ ಬಂದ ಪದವನ್ನೇ ಸೇರಿಸಿ ಪಾಂಗ್ ಎಂದು ಓಗೊಡದಿದ್ದರೆ ಬಾಟಿನ ಸಂಪರ್ಕವನ್ನು ಕಡಿದುಹಾಕುವುದು.

ನಮ್ಮ ಪಾಠದ ಬಾಟ್ ಮಾಡಬೇಕಾದ ಕೆಲಸ ಹಾಜರಿ ತೆಗೆದುಕೊಳ್ಳುವುದು. ಮಾತಿನ ಕೊಠಡಿಯಲ್ಲಿ ಯಾರು ಯಾರು ಇರುವರೆಂದು ಕೇಳಲು ನೇಮ್ಸ್ ಎಂಬ ಆಜ್ಞೆಯನ್ನು ಕಳುಹಿಸಬೇಕು. ಹೆಸರುಗಳು 353 ಎಂಬ ಸಂಖ್ಯೆಯ ಸಾಲುಗಳಲ್ಲಿ ಬರುವುವು. ಪಟ್ಟಿ ಮುಗಿಯಿತೆಂಬುದಕ್ಕೆ 366 ಗುರುತು. ಹಳೆಯ ನಿಯಮದಂತೆ ಒಂದು ಸಾಲು 512 ಬೈಟುಗಳನ್ನು ಮೀರುವಂತಿಲ್ಲ. ತರಗತಿಯಲ್ಲಿ 70 ಮಂದಿ ಹುಡುಗಿಯರಿದ್ದು, ಒಂದೊಂದು ಹೆಸರಿಗೆ 8 ಇಂಗ್ಲಿಷ್ ಅಕ್ಷರಗಳನ್ನೂ ಒಂದು ತೆರಪನ್ನೂ ಲೆಕ್ಕ ಹಿಡಿದರೆ 630 ಬೈಟುಗಳಾದವು. ಅಂದಮೇಲೆ ಪಟ್ಟಿಯು ಒಂದೇ ಸಾಲಿನಲ್ಲಿ ಬರಲಾರದು. ಮೊದಲನೆಯ ಸಾಲನ್ನು ನೋಡಿದೊಡನೆಯೇ ಬಾಟ್ ಪುಸ್ತಕವನ್ನು ಮುಚ್ಚಿದರೆ, ಎರಡನೆಯ ಸಾಲಿನ ಹುಡುಗಿಯರೆಲ್ಲರೂ ಬೆಂಚಿನ ಮೇಲೆ ಕುಳಿತಿದ್ದಂತೆಯೇ ಗೈರುಹಾಜರಾಗುವರು. ಆ ಸುದ್ದಿಯನ್ನು ಬಾಟ್ ತಾನಾಗಿಯೇ ಮನೆಗೆ ಕಳುಹಿಸುವಂತಿದ್ದರೆ, ಯಲಹಂಕದ ಆಚೆ ಕೆಲಸದಲ್ಲಿರುವ ತಾಯಿಯೊಬ್ಬಳು ಎದೆಯೊಡೆದುಕೊಂಡು ಓಡಿಬರಬೇಕಾಗುವುದಲ್ಲವೆ! ಸ್ಕ್ರಿಪ್ಟಿನಲ್ಲಿ ಬಿಟ್ಟ ಒಂದು ಸಾಲಿನ ಬೆಲೆ ಇಷ್ಟೆಂಬುದನ್ನು ಮಕ್ಕಳು ಮೊದಲೇ ಅರಿಯತಕ್ಕದ್ದು.

ಆದುದರಿಂದ ನಾವು ಮಕ್ಕಳಿಗೆ ಐದು ನಿಯಮಗಳನ್ನು ಬರೆಯಿಸುವೆವು.

ಮೊದಲನೆಯದು: ಪೂರ್ಣ ಸಾಲು ಬರುವ ತನಕ ಓದಬಾರದು. ಜಾಲದ ಮೂಲಕ ಬರುವ ಬೈಟುಗಳು ಸಾಲು ಸಾಲಾಗಿ ಬರುವುದಿಲ್ಲ. ಅರ್ಧ ಸಾಲು ಬರಬಹುದು, ಎರಡೂವರೆ ಸಾಲು ಒಟ್ಟಿಗೆ ಬರಬಹುದು. ಬಂದುದನ್ನೆಲ್ಲ ಒಂದು ಬುಟ್ಟಿಯಲ್ಲಿ ಕೂಡಿಟ್ಟು, ಸಾಲಿನ ಕೊನೆಯ ಗುರುತು ಕಂಡಮೇಲೆಯೇ ಆ ಸಾಲನ್ನು ಎತ್ತಿಕೊಳ್ಳಬೇಕು. ಕನ್ನಡಕ್ಕೆ ಇದು ಮತ್ತಷ್ಟು ಅಗತ್ಯ. ಲಕ್ಷ್ಮಿ ಎಂಬ ಹೆಸರು ಇಂಗ್ಲಿಷಿನಲ್ಲಿ 7 ಬೈಟುಗಳಾದರೆ, ಕನ್ನಡದಲ್ಲಿ ಒತ್ತು ಗುಣಿತಗಳೆಲ್ಲ ಸೇರಿ ಯುಟಿಎಫ್-8 ಪದ್ಧತಿಯಂತೆ 21 ಆಗುವುವು. ಅಕ್ಷರದ ನಡುವೆ ತುಂಡಾದುದನ್ನು ಓದಲು ಹೊರಟರೆ ದೊರೆಯುವುದು ಚೂರುಗಳೇ ಹೊರತು ಹೆಸರಲ್ಲ.

ಎರಡನೆಯದು: ಸಂಖ್ಯೆಯನ್ನು ಅದರ ಸ್ಥಾನದಲ್ಲಿಯೇ ಹುಡುಕಬೇಕು. ಸಾಲಿನ ಮೊದಲಲ್ಲಿ ಕಳುಹಿಸಿದವರ ಹೆಸರು, ಆಮೇಲೆ ಸಂಖ್ಯೆ ಅಥವಾ ಆಜ್ಞೆ, ಆಮೇಲೆ ವಿವರಗಳು. ತುಂಟ ಹುಡುಗಿಯೊಬ್ಬಳು ಹರಟೆಯಲ್ಲಿ 366 ಎಂದು ಬರೆದಳೆಂದು ಪಟ್ಟಿ ಮುಗಿಯಿತೆಂದು ತಿಳಿಯಲಾಗದು. ಅದು ಅವಳ ಮಾತು, ಸರ್ವರಿನ ಮಾತಲ್ಲ.

ಮೂರನೆಯದು: ಯಾವ ಕೊಠಡಿಯ ಉತ್ತರವೋ ಆ ಕೊಠಡಿಯ ಲೆಕ್ಕಕ್ಕೆ ಸೇರಿಸಬೇಕು. 353ರ ಸಾಲಿನಲ್ಲಿಯೂ 366ರ ಸಾಲಿನಲ್ಲಿಯೂ ಕೊಠಡಿಯ ಹೆಸರು ಇದ್ದೇ ಇರುವುದು.

ನಾಲ್ಕನೆಯದು: ಹೆಸರಿಗೆ ಅಂಟಿಕೊಂಡ ಗುರುತನ್ನು ಬಿಡಿಸಬೇಕು. ಕೊಠಡಿಯ ಮೇಲ್ವಿಚಾರಕರ ಹೆಸರಿನ ಹಿಂದೆ @ ಎಂಬ ಚಿಹ್ನೆ ಇರುವುದು. ಅದನ್ನು ತೆಗೆಯದೆ ಹಾಜರಿಯ ಪುಸ್ತಕದೊಡನೆ ಹೋಲಿಸಿದರೆ ಇದ್ದವರೇ ಇಲ್ಲವಾಗುವರು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಮೌನವನ್ನು ಇಲ್ಲವೆಂದು ಓದಬಾರದು. ನಿಯಮಿತ ಕಾಲದೊಳಗೆ 366 ಬಾರದಿದ್ದರೆ ಬಾಟ್ ಹೇಳತಕ್ಕ ಮಾತು “ಗೈರುಹಾಜರು” ಎಂದಲ್ಲ, “ತಿಳಿಯಲಿಲ್ಲ” ಎಂದು. ಹಣದ ವಿಷಯದಲ್ಲಿಯೂ ಹೀಗೆಯೇ. ಟಿಕೆಟಿಗೆ ಹಣ ಕೊಟ್ಟಮೇಲೆ ಉತ್ತರ ಬಾರದಿದ್ದರೆ, ಹಣ ಸಲ್ಲಲಿಲ್ಲವೆಂದು ಭಾವಿಸಿ ಮತ್ತೊಮ್ಮೆ ಕೊಡುವುದು ವಿವೇಕವಲ್ಲ. ಮೊದಲಿನದು ಏನಾಯಿತೆಂದು ವಿಚಾರಿಸಿಯೇ ಮುಂದುವರಿಯಬೇಕು. ಬಾಟನ್ನು ಬರೆಯುವವರು ಈ ವಿಚಾರಣೆಯನ್ನು ಸ್ಕ್ರಿಪ್ಟಿನಲ್ಲಿಯೇ ಸೇರಿಸಿಡುವುದು ಒಳ್ಳೆಯದು.

ಇಷ್ಟಕ್ಕೂ ಪೈಥಾನ್ ಭಾಷೆಯಲ್ಲಿ ಒಂದೆರಡು ಪುಟಗಳ ಸ್ಕ್ರಿಪ್ಟ್ ಸಾಕಾಗುವುದು. ಬರೆಯುವುದು ಬೇಗ ಬರುವುದು. ತಾಳ್ಮೆಯಿಂದ ಕಾಯುವ ಭಾಗವನ್ನು ಬರೆಯಲು ಮಾತ್ರ ದಿನಗಳು ಹಿಡಿಯುವುವು. ತನಗೆ ತಿಳಿಯದುದನ್ನು ತಿಳಿಯದೆಂದು ಹೇಳಬಲ್ಲ ಬಾಟನ್ನು ಬರೆದ ಹುಡುಗಿಗೆ ನಾವು ಹೆಚ್ಚಿನ ಅಂಕ ಕೊಡುವೆವು. ಬೇಗನೆ ಉತ್ತರಿಸಿ ತಪ್ಪು ಹೇಳುವ ಬಾಟಿಗೆ ಕಡಮೆ.

ಮನೆಯಲ್ಲಿ ಮಾಡಿ ನೋಡಲು ಒಂದು ಅಭ್ಯಾಸವನ್ನು ಕೊಟ್ಟು ಮುಗಿಸುವೆವು. ಇದಕ್ಕೆ ಕಂಪ್ಯೂಟರು ಬೇಡ. ತಾಯಿಯವರು ಮೂರು ಚೀಟಿಗಳಲ್ಲಿ ಬರೆಯಲಿ: ಒಂದರಲ್ಲಿ 353 ಮತ್ತು ಐದು ಹೆಸರುಗಳು, ಇನ್ನೊಂದರಲ್ಲಿ ಒಬ್ಬ ಗೆಳತಿಯ ಮಾತಾಗಿ “366 ಆಯಿತು, ಮನೆಗೆ ಹೋಗೋಣ”, ಮೂರನೆಯದರಲ್ಲಿ 353 ಮತ್ತು ಇನ್ನೆರಡು ಹೆಸರುಗಳು. ಒಂದೊಂದಾಗಿ ಮಗಳ ಕೈಗೆ ಕೊಟ್ಟು, ಪಟ್ಟಿಯಲ್ಲಿಲ್ಲದ ಎಂಟನೆಯ ಹುಡುಗಿಯೊಬ್ಬಳ ಹೆಸರು ಹೇಳಿ, ಅವಳು ಶಾಲೆಗೆ ಬಂದಿರುವಳೋ ಎಂದು ಕೇಳಲಿ. ಬಂದಿಲ್ಲವೆಂದು ಮಗಳು ಹೇಳಿದರೆ ಪಾಠವನ್ನು ಇನ್ನೊಮ್ಮೆ ಓದಿಸಬೇಕು. ನಿಜವಾದ 366 ಇನ್ನೂ ಬಂದಿಲ್ಲ, ಕಾಯಬೇಕು ಎಂದರೆ ಅವಳು ಪಾಠವನ್ನು ಕಲಿತಿರುವಳು.